ಗಾಜಿನ ಹೆಂಚಿನ ಕೆಳಗೆ ಕಾದ ಕೊಡಲಿಗಳು

ಸೀತಕ್ಕನನ್ನು ನಾನು ಮೊದಲು ಭೇಟಿಯಾಗಿದ್ದು 2004ರ ಫೆಬ್ರವರಿಯ ಒಂದು ಗುರುವಾರ, ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ. ಮುಖ ಕಾಣುವ ಮೊದಲೇ ಅವರಿಂದ ಬೈಸಿಕೊಂಡೆ.

ಆ ವರ್ಷ ಬಿ.ಎ. ಮುಗಿಸಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಕುಶಲಕರ್ಮಿಗಳ ಪಟ್ಟಿ ಮಾಡುವ ಒಂದು ಯೋಜನೆಯಲ್ಲಿ ಹನ್ನೊಂದು ತಿಂಗಳ ಕೆಲಸಕ್ಕೆ ಸೇರಿದ್ದೆ. ಪ್ರತಿಯೊಬ್ಬರಿಗೂ ನಲವತ್ತೆರಡು ಪ್ರಶ್ನೆಗಳ ಒಂದು ಫಾರಂ. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವನು ನಾನೇ ಮೊದಲು. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು ಎನ್ನುವ ಹಟ ನನಗಿತ್ತು. ಬುಟ್ಟಿ ಹೆಣೆಯುವವರು, ಮಡಕೆ ಮಾಡುವವರು, ಬಡಗಿಗಳು ಎಲ್ಲ ಮುಗಿದು, ಕಮ್ಮಾರರ ಸರದಿ ಬಂದಿತ್ತು.

ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಪುಟ್ಟಾಚಾರ್ ಕುಲುಮೆ ಎಲ್ಲಿ ಎಂದು ಕೇಳಿದಾಗ ಸೋಡಾ ಅಂಗಡಿಯವರು ಎನ್.ಆರ್.ಪುರದ ರಸ್ತೆಯ ಕಡೆ ಕೈ ತೋರಿಸಿ, ಸದ್ದು ಕೇಳಿಸಿದಲ್ಲಿ ನಿಂತರೆ ಸಾಕು ಎಂದಿದ್ದರು. ಅರ್ಧ ಮೈಲಿ ನಡೆದ ಮೇಲೆ ಸದ್ದು ಕೇಳಿಸಿತು. ಒಂದು ಸಣ್ಣ ಪೆಟ್ಟು, ಅದರ ಬೆನ್ನಿಗೇ ಒಂದು ದೊಡ್ಡ ಪೆಟ್ಟು. ರಸ್ತೆಯಿಂದ ಹತ್ತು ಹೆಜ್ಜೆ ಕೆಳಗೆ ತಗ್ಗು ಛಾವಣಿಯ ಹೆಂಚಿನ ಕಟ್ಟಡ. ಕಿಟಕಿ ಇರಲಿಲ್ಲ. ಬಾಗಿಲಿನ ಜಾಗದಲ್ಲಿ ಎರಡು ಗೋಣಿಚೀಲ ಸೇರಿಸಿ ಹೊಲಿದ ಪರದೆ. ನಾನು ಹೋಗುವಷ್ಟರಲ್ಲಿ ಸದ್ದು ನಿಂತಿತ್ತು. ಕೆಲಸ ಮುಗಿದಿರಬೇಕು ಅಂದುಕೊಂಡು ಗೋಣಿಯನ್ನು ಪೂರ್ತಿ ಪಕ್ಕಕ್ಕೆ ಸರಿಸಿದೆ. ಉರಿಬಿಸಿಲು ನನ್ನ ಜೊತೆಗೇ ಒಳಗೆ ಹೋಯಿತು.

"ಯಾರ್ರೀ ಅದು? ಗೋಣಿ ಬಿಡಿ ಮೊದ್ಲು. ಒಳಗಾದ್ರೂ ಬನ್ನಿ, ಹೊರಗಾದ್ರೂ ಹೋಗಿ, ಬೆಳಕು ತರ್ಬೇಡಿ."

ಗೋಣಿ ಬಿಟ್ಟು ಒಳಗೆ ನಿಂತೆ. ಒಂದು ನಿಮಿಷ ಒಲೆಯ ಕೆಂಡ ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಕಂಡರು. ಒಲೆಯ ಹತ್ತಿರ ಮಣೆ ಹಾಕಿಕೊಂಡು ಇಕ್ಕಳ ಹಿಡಿದು ಕೂತಿದ್ದ ಸಣಕಲು ದೇಹದ ಗಂಡಸು ಪುಟ್ಟಾಚಾರ್. ಅವರ ಎಡಗಣ್ಣು ಬೆಳ್ಳಗಿತ್ತು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಕಬ್ಬಿಣದ ಕಿಡಿ ಸಿಡಿದು ಹೋದ ಕಣ್ಣು ಅದು ಎಂದು ಊರಿಗೆಲ್ಲ ಗೊತ್ತಿತ್ತು. ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಆಚೆ ಸೀರೆಯ ಮೇಲೆ ಗಂಡಸರ ಹಳೆಯ ಖಾಕಿ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಎಂಟು ಸೇರಿನ ದೊಡ್ಡ ಸುತ್ತಿಗೆಯನ್ನು, ಅಂದರೆ ಸಮ್ಮಟಿಗೆಯನ್ನು, ನೆಲಕ್ಕೆ ಊರಿ ನಿಂತಿದ್ದವರು ಸೀತಕ್ಕ. ಆಗ ಅವರಿಗೆ ನಲವತ್ತೆಂಟು ವರ್ಷ. ಮುಂಗೈ ಮೇಲೆ ಸುಟ್ಟ ಚುಕ್ಕೆಗಳು ಎಷ್ಟಿದ್ದವೆಂದರೆ ಹಚ್ಚೆ ಹಾಕಿಸಿಕೊಂಡ ಹಾಗೆ ಕಾಣುತ್ತಿತ್ತು.

ಅವರು ಮಾಡುತ್ತಿದ್ದದ್ದು ಮರಗಸಿಯ ಕೊಡಲಿ. ಕಾಫಿ ಗಿಡಕ್ಕೆ ಬೇಕಾದಷ್ಟು ಬಿಸಿಲು ಬೀಳುವಂತೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸಕ್ಕೆ ನಮ್ಮ ಕಡೆ ಮರಗಸಿ ಎನ್ನುತ್ತಾರೆ. ಐವತ್ತು ಅರವತ್ತು ಅಡಿ ಎತ್ತರದಲ್ಲಿ ಒಂದು ಕೈಯಲ್ಲಿ ಮರ ತಬ್ಬಿ ಇನ್ನೊಂದು ಕೈಯಲ್ಲಿ ಬೀಸುವ ಕೊಡಲಿ ಅದು. ಹಗುರವಾಗಿರಬೇಕು, ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟು ಸಣ್ಣದಿರಬೇಕು, ಮುರಿಯಲಂತೂ ಬಾರದು. ಮೆದು ಕಬ್ಬಿಣದ ಪಟ್ಟಿಯನ್ನು ನಡುವೆ ಮಡಿಸಿ ಮರದ ಹಿಡಿ, ಅಂದರೆ ಕಾವು, ತೂರಿಸುವ ಕಣ್ಣು ಮಾಡುತ್ತಾರೆ. ಮಡಿಕೆಯ ಬಾಯಿಗೆ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟದ ಉಕ್ಕಿನ ತುಂಡು ಇಟ್ಟು, ಮರಳು ಎರಚಿ, ಬೆಳ್ಳಗೆ ಕಾಸಿ, ಎರಡನ್ನೂ ಬಡಿದು ಒಂದು ಮಾಡುತ್ತಾರೆ. ಕೊನೆಗೆ ಮತ್ತೊಮ್ಮೆ ಹದವಾಗಿ ಕಾಸಿ ಬಾಯಿಯನ್ನು ನೀರಿನಲ್ಲಿ ಅದ್ದುತ್ತಾರೆ. ಕೊಡಲಿಯ ಆಯುಷ್ಯವೆಲ್ಲ ಆ ಕೊನೆಯ ಕಾವಿನಲ್ಲಿದೆ. ನಾನು ಗೋಣಿ ಎತ್ತಿದ್ದು ಸರಿಯಾಗಿ ಆ ಹೊತ್ತಿಗೆ.

ಬೈದದ್ದು ಅಷ್ಟೇ. ಆಮೇಲೆ ಕೂರಲು ಮಣೆ ಕೊಟ್ಟು, ಕೊಡಲಿಯನ್ನು ಮತ್ತೆ ಕೆಂಡಕ್ಕೆ ಇಟ್ಟರು. ಕುಲುಮೆಯಲ್ಲಿ ಕೆಲಸದ ಹೊತ್ತು ಯಾರೂ ಮಾತಾಡುವುದಿಲ್ಲ. ಆಚಾರಿಯ ಸಣ್ಣ ಸುತ್ತಿಗೆ ಎಲ್ಲಿ ಬೀಳುತ್ತದೋ ಸಮ್ಮಟಿಗೆ ಅಲ್ಲೇ ಬೀಳಬೇಕು. ಸಣ್ಣ ಸುತ್ತಿಗೆ ಅಡಿಗಲ್ಲಿನ ಬದಿಗೆ ಎರಡು ಸಲ ತಟ್ಟಿದರೆ ನಿಲ್ಲಿಸಬೇಕು. ಅವರಿಬ್ಬರ ಮಾತೆಲ್ಲ ಅಷ್ಟೇ. ಆ ದಿನ ಇನ್ನೊಂದನ್ನೂ ಕೇಳಿದೆ. ಕೊಡಲಿ ಕೊನೆಯ ಸಲ ಕಾಯುತ್ತಿದ್ದಾಗ ಸೀತಕ್ಕ ಬಗ್ಗಿ ಕೆಂಡವನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಸಮ್ಮಟಿಗೆಯ ಹಿಡಿಯನ್ನು ನೆಲಕ್ಕೆ ಒಮ್ಮೆ ಕುಟ್ಟಿದರು. ಆ ಕ್ಷಣವೇ ಪುಟ್ಟಾಚಾರ್ ಕೊಡಲಿಯನ್ನು ಎತ್ತಿ ಕಲ್ಲುಬಾನಿಯ ನೀರಿಗೆ ಇಳಿಸಿದರು. ಭಾರ ಹೊತ್ತವರು ಸುಸ್ತಾಗಿ ಕೆಳಗಿಟ್ಟಿರಬೇಕು ಎಂದು ನಾನು ತಿಳಿದೆ.

ಫಾರಂ ತುಂಬುವಾಗ ಹನ್ನೊಂದನೆಯ ಪ್ರಶ್ನೆಗೆ, ಅಂದರೆ ಹೆಂಡತಿಯ ಉದ್ಯೋಗಕ್ಕೆ, ಸೀತಕ್ಕನೇ ಉತ್ತರ ಕೊಟ್ಟರು.

"ಮನೆಕೆಲ್ಸ ಅಂತ ಬರ್ಕಳಿ ತಮ್ಮ."

ಈಗ ತಾನೇ ನೋಡಿದೆನಲ್ಲ ಎಂದೆ. ಗಂಡ ಕಾಸುತ್ತಾನೆ, ಹೆಂಡತಿ ಬಡಿಯುತ್ತಾಳೆ, ಅದನ್ನು ಉದ್ಯೋಗ ಅಂತ ಯಾರಾದರೂ ಅನ್ನುತ್ತಾರಾ ಎಂದು ನಕ್ಕರು. ಪುಟ್ಟಾಚಾರ್ ನಗಲಿಲ್ಲ. ನಾನು ಗೃಹಿಣಿ ಎಂದು ಬರೆದೆ. ಇಪ್ಪತ್ತೇಳನೆಯ ಪ್ರಶ್ನೆ ಕೆಲಸದ ಜಾಗದಲ್ಲಿ ಬೆಳಕು ಸಾಕಷ್ಟಿದೆಯೇ ಎಂಬುದು. ಇಲ್ಲ ಎನ್ನುವ ಕಡೆ ದಪ್ಪಗೆ ಗುರುತು ಹಾಕಿದೆ. ನಮಗೆ ಕತ್ತಲೆಯೇ ಅಭ್ಯಾಸ, ಇರಲಿ ಬಿಡಿ ಎಂದು ಸೀತಕ್ಕ ಎರಡು ಸಲ ಹೇಳಿದರು. ಸಂಕೋಚಕ್ಕೆ ಹೇಳುತ್ತಿದ್ದಾರೆ ಅಂದುಕೊಂಡೆ. ಬಡವರು ಬೇಡ ಎಂದರೆ ಬೇಕು ಎಂದೇ ಅರ್ಥ ಎಂದು ಯಾರೋ ತರಬೇತಿಯಲ್ಲಿ ಹೇಳಿದ್ದರು.

ಏಪ್ರಿಲ್ ಕೊನೆಯ ವಾರ ಆ ಗುರುತಿನ ಮೇಲೆ ಯೋಜನೆಯಿಂದ ನಾಲ್ಕು ಗಾಜಿನ ಹೆಂಚು ಮಂಜೂರಾದವು. ನಾನೇ ಆಳನ್ನು ಕರೆದುಕೊಂಡು ಹೋಗಿ ಕೂರಿಸಿಕೊಟ್ಟೆ. ಎಲ್ಲಿಗೆ ಎಂದು ಆಳು ಕೇಳಿದಾಗ, ಕೆಲಸ ನಡೆಯುವುದು ಒಲೆಯ ಹತ್ತಿರ ತಾನೇ ಎಂದು ಒಲೆಯ ನೆತ್ತಿಯ ಮೇಲೇ ಹಾಕಿಸಿದೆ. ಬಿಸಿಲು ನಾಲ್ಕು ಚೌಕವಾಗಿ ಕೆಳಗೆ ಬಿತ್ತು. ಗೋಡೆಗೆ ತೂಗುಹಾಕಿದ್ದ ಇಕ್ಕಳ, ಚಾಣ, ಸುತ್ತಿಗೆ ಎಲ್ಲ ಎದ್ದು ಕಂಡವು. ಪುಟ್ಟಾಚಾರ್ ಎದ್ದು ಹೋಗಿ ಗೋಡೆಯಿಂದ ಒಂದು ಇಕ್ಕಳವನ್ನು ತಡವರಿಸದೆ ನೇರವಾಗಿ ತೆಗೆದುಕೊಂಡರು. ಇನ್ನೊಂದನ್ನೂ ತೆಗೆದರು. ಎರಡನ್ನೂ ಮತ್ತೆ ನೇತುಹಾಕಿ, ಮತ್ತೆ ತೆಗೆದರು. ಅವರ ಮುಖದಲ್ಲಿದ್ದ ಸಂತೋಷಕ್ಕೆ ಕಾರಣ ನನಗೆ ತಿಳಿಯಲಿಲ್ಲ. ಸೀತಕ್ಕ ಛಾವಣಿಯನ್ನು ನೋಡಿದರು, ಗಂಡನನ್ನು ನೋಡಿದರು. ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು.

ಮೂರನೆಯ ಸಲ ಹೋದದ್ದು ಮೇ ಹದಿನೇಳರ ಸೋಮವಾರ, ಹೆಂಚು ತಲುಪಿದ್ದಕ್ಕೆ ರುಜು ಹಾಕಿಸಿಕೊಳ್ಳಲು. ಬೆಳಿಗ್ಗೆ ಒಂಬತ್ತೂವರೆ. ಪುಟ್ಟಾಚಾರ್ ಪೆನ್ನು ಹಿಡಿದು ಎಲ್ಲಿ ಎಂದು ಕೇಳುತ್ತಿದ್ದಾಗ ಮೇಲೆ ರಸ್ತೆಯಲ್ಲಿ ಜೀಪು ನಿಂತಿತು. ಇಳಿದು ಬಂದವರು ಮಲ್ಲೇಶಪ್ಪ. ಹತ್ತಿರದಲ್ಲೇ ಎರಡು ಮೈಲಿ ದೂರ ಷಡಕ್ಷರಿ ಎಂಬವರ ಕಾಫಿ ತೋಟದಲ್ಲಿ ಅವರು ಮೇಸ್ತ್ರಿ. ಮರಗಸಿಯ ಆಳುಗಳೆಲ್ಲ ಅವರ ಕೈಕೆಳಗೆ. ಆ ವರ್ಷ ಹನ್ನೆರಡು ಹೊಸ ಕೊಡಲಿ ಇಲ್ಲಿಂದಲೇ ಮಾಡಿಸಿಕೊಂಡು ಹೋಗಿದ್ದರು.

ಅವರ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಕೊಡಲಿ ಇತ್ತು. ಬಿಚ್ಚಿದರು. ಬಾಯಿಯ ಮೇಲುಮೂಲೆ ಎರಡು ಬೆರಳಗಲ ಮುರಿದು ಹೋಗಿತ್ತು. ಬೆಳಿಗ್ಗೆ ಕೆಲಸ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲವಂತೆ. ಮುರಿದ ಚೂರು ಸಿಡಿದು ಆಳಿನ ಕೆನ್ನೆಗೆ, ಕಣ್ಣಿನಿಂದ ಒಂದು ಅಂಗುಲ ಕೆಳಗೆ ಹೊಕ್ಕಿತು. ಅವನು ಹಗ್ಗದಲ್ಲಿ ನೇತಾಡಿಕೊಂಡು ಹೇಗೋ ಇಳಿದ. ಮೂರು ಹೊಲಿಗೆ ಹಾಕಿಸಿ ಮನೆಗೆ ಬಿಟ್ಟು ಬಂದದ್ದಾಗಿತ್ತು. ಮಲ್ಲೇಶಪ್ಪ ಇದನ್ನೆಲ್ಲ ಗಡಿಬಿಡಿಯಲ್ಲಿ ಹೇಳಿದರು. ಸಿಟ್ಟೇನೂ ಇರಲಿಲ್ಲ. ಮರದ ಗಂಟಿಗೆ ಹೊಡೆದಿರಬೇಕು ಅವನು, ಇನ್ನೊಂದು ಬಾಯಿ ಹಾಕಿ ಇಡಿ, ಸಂಜೆ ಬರುತ್ತೇನೆ ಎಂದರು.

ಪುಟ್ಟಾಚಾರ್ ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಬೆರಳು ಅಲ್ಲೇ ನಿಂತಿತು. ಕೊಡಲಿಯನ್ನು ಹೆಂಡತಿಯ ಕಡೆ ಚಾಚಿದರು. ಸೀತಕ್ಕ ಅದನ್ನು ಗಾಜಿನ ಹೆಂಚಿನ ಬಿಸಿಲಿಗೆ ಹಿಡಿದರು. ನಾನೂ ಬಗ್ಗಿ ನೋಡಿದೆ. ಒಳಗಿನ ಉಕ್ಕು ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು. ಚಂದ ಕಾಣುತ್ತದಲ್ಲ ಎಂದೆನಿಸಿತು ನನಗೆ. ಸೀತಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

ಪುಟ್ಟಾಚಾರ್, ಗುಜರಿಯವನು ಕೊಟ್ಟ ಪಟ್ಟವೇ ಸರಿ ಇರಲಿಲ್ಲ ಅಂತ ಕಾಣುತ್ತದೆ ಎಂದರು. ಮಲ್ಲೇಶಪ್ಪನಿಗೆ ಅಷ್ಟು ಸಾಕಾಗಿತ್ತು. ಇನ್ನೇನು ಗೋಣಿ ಎತ್ತಿ ಹೊರಗೆ ಕಾಲಿಡಬೇಕು, ಸೀತಕ್ಕ ಕೇಳಿದರು.

"ಮೇಸ್ತ್ರಿ, ಉಳಿದ ಹನ್ನೊಂದು ಎಲ್ಲಿದಾವೆ?"

"ಎಲ್ಲಿರ್ತವೆ ಮಾರಾಯ್ತಿ? ಮರದ ಮೇಲೆ. ಮಳೆ ಬಾಗ್ಲಿಗೆ ಬಂದು ನಿಂತಿದೆ, ಇನ್ನೂ ಮೂವತ್ತು ಎಕ್ರೆ ಬಾಕಿ."

"ಎಲ್ಲರನ್ನೂ ಇಳ್ಸಿ. ಈಗ್ಲೇ."

ಮಲ್ಲೇಶಪ್ಪ ನಕ್ಕರು. ಒಂದು ಕೊಡಲಿ ಮುರಿದರೆ ಹನ್ನೊಂದು ಜನ ಕೈಕಟ್ಟಿ ಕೂರುವುದಾ, ಷಡಕ್ಷರಿ ಸಾಹುಕಾರರಿಗೆ ಏನು ಹೇಳಲಿ ಎಂದರು. ಹಾಗೆ ಇಳಿಸಲೇಬೇಕು ಎಂದಿದ್ದರೆ ಆ ಮಾತನ್ನು ಆಚಾರ್ ಹೇಳಲಿ, ಕಾಸಿದವರು ಅವರು, ಬಡಿಯುವವರ ಮಾತು ಕೇಳಿ ಕೆಲಸ ನಿಲ್ಲಿಸಲು ಆಗುತ್ತದಾ ಎಂದು ಪುಟ್ಟಾಚಾರ್ ಕಡೆ ತಿರುಗಿದರು. ಪುಟ್ಟಾಚಾರ್ ಕೈಯಲ್ಲಿ ನನ್ನ ಪೆನ್ನು ಇನ್ನೂ ಇತ್ತು. ಅವರು ತಲೆ ಎತ್ತಲಿಲ್ಲ.

ಆಗ ನನಗೆ ಗೊತ್ತಿಲ್ಲದ, ಆಮೇಲೆ ಗೊತ್ತಾದ ವಿಷಯ ಇಷ್ಟು. ಪುಟ್ಟಾಚಾರ್‌ಗೆ ಉಳಿದಿದ್ದ ಒಂದು ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಇರುವುದು ಒಂದೇ ಕಣ್ಣು ಎಂಬ ಭಯಕ್ಕೆ ಆಪರೇಷನ್ ಮಾಡಿಸಿಕೊಂಡಿರಲಿಲ್ಲ. ಕಾದ ಕಬ್ಬಿಣ ಅವರಿಗೆ ಕೆಂಪು ಮಸುಕಾಗಿ ಕಾಣುತ್ತಿತ್ತು. ಎಷ್ಟು ಕೆಂಪು ಎಂಬುದು ಮಾತ್ರ ಕಾಣುತ್ತಿರಲಿಲ್ಲ. ಅದನ್ನು ನೋಡುತ್ತಿದ್ದದ್ದು ಸೀತಕ್ಕ. ಹದ ಬಂದ ಕೂಡಲೇ ಸಮ್ಮಟಿಗೆಯ ಹಿಡಿಯನ್ನು ನೆಲಕ್ಕೆ ಕುಟ್ಟುತ್ತಿದ್ದರು. ಈ ಸಂಗತಿ ಆ ನಾಲ್ಕು ಗೋಡೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕಣ್ಣು ಕಾಣದವನ ಕುಲುಮೆಗೆ, ಹೆಂಗಸು ಹದ ನೋಡಿದ ಕೊಡಲಿಗೆ ಯಾರು ಬರುತ್ತಾರೆ? ಅದಕ್ಕೇ ಅವರು ಮೂರು ವರ್ಷ ಬಾಯಿ ಬಿಟ್ಟಿರಲಿಲ್ಲ. ಈಗ ಬಾಯಿ ಬಿಡದಿದ್ದರೆ ಮೇಸ್ತ್ರಿ ಯಾರನ್ನೂ ಇಳಿಸುವುದಿಲ್ಲ.

"ಕಾಸಿದ್ದು ಇವ್ರಲ್ಲ, ನಾನು," ಎಂದರು ಸೀತಕ್ಕ. "ಇವ್ರಿಗೆ ಕಣ್ಣು ಕಾಣಲ್ಲ. ಹದ ನೋಡದು ನಾನು. ಈ ಸಲ ನಾನು ಜಾಸ್ತಿ ಕಾಸಿದೀನಿ."

ಮಲ್ಲೇಶಪ್ಪ ಗೋಣಿ ಬಿಟ್ಟು ಒಳಗೆ ಬಂದರು. ಒಬ್ಬರ ನಂತರ ಒಬ್ಬರ ಮುಖ ನೋಡಿದರು.

"ಹಂಗಾರೆ ನಮ್ಮ ಹುಡುಗ್ರು ಮೂರು ವರ್ಷದಿಂದ ಹೆಂಗ್ಸು ಕಾಸಿದ ಕೊಡ್ಲಿ ಹಿಡ್ಕಂಡು ಮರ ಹತ್ತಿದ್ರಾ?"

"ಹೌದು. ಮೂರು ವರ್ಷದಲ್ಲಿ ಒಂದಾದ್ರೂ ಮುರ್ದಿತ್ತಾ?"

ಇಲ್ಲ ಎಂದು ಮಲ್ಲೇಶಪ್ಪ ತಲೆಯಾಡಿಸಿದರು. ಮತ್ತೆ ಈ ವರ್ಷ ಏನಾಯಿತು ಎಂದು ಕೇಳಿದ್ದು ನಾನು. ಸೀತಕ್ಕ ಮೇಲೆ ನೋಡಿದರು. ನಾಲ್ಕು ಚೌಕ ಬಿಸಿಲು ಅವರ ಖಾಕಿ ಅಂಗಿಯ ಮೇಲೆ ಬಿದ್ದಿತ್ತು. ಕಾಫಿ ಹಣ್ಣಿನ ಕೆಂಪು ಬಂದಾಗ ಉಕ್ಕನ್ನು ತೆಗೆಯಬೇಕು, ಆ ಕೆಂಪು ಕತ್ತಲೆಯಲ್ಲಿ ಸರಿಯಾಗಿ ಕಾಣುತ್ತದೆ. ಬಿಸಿಲಿನಲ್ಲಿ ಅದೇ ಕೆಂಪು ಕಪ್ಪಾಗಿ ಕಾಣುತ್ತದೆ. ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಎಂದು ಕಾಯುತ್ತ ಕೂತರೆ ಉಕ್ಕು ಮಿತಿಮೀರಿ ಕಾದು ಒಳಗೆ ಹರಳು ಕಟ್ಟುತ್ತದೆ. ಗಟ್ಟಿ ಇರುತ್ತದೆ, ಚೂಪು ಇರುತ್ತದೆ, ಒಂದು ದಿನ ಗಾಜಿನ ಹಾಗೆ ಮುರಿಯುತ್ತದೆ. ಅಷ್ಟು ಗೊತ್ತಿದ್ದೂ ಹೆಂಚು ಯಾಕೆ ಬೇಡ ಎನ್ನಲಿಲ್ಲ ಎಂದು ಕೇಳಬಹುದಿತ್ತು. ಪುಟ್ಟಾಚಾರ್ ಅವತ್ತು ಇಕ್ಕಳವನ್ನು ತೆಗೆದು, ಹಾಕಿ, ಮತ್ತೆ ತೆಗೆದದ್ದು ನೆನಪಾಯಿತು. ಕೇಳಲಿಲ್ಲ.

ಹನ್ನೆರಡರಲ್ಲಿ ಕೆಲವು ಹೆಂಚು ಹಾಕುವ ಮೊದಲಿನವು, ಕೆಲವು ಆಮೇಲಿನವು. ಯಾವುದು ಯಾವುದೆಂದು ಹೊರಗಿನಿಂದ ನೋಡಿ ಹೇಳಲು ಸೀತಕ್ಕನಿಗೂ ಸಾಧ್ಯವಿರಲಿಲ್ಲ, ಹೊಡೆದೇ ನೋಡಬೇಕಿತ್ತು. ಸಮ್ಮಟಿಗೆ, ಒಂದು ಸುತ್ತಿಗೆ, ಒಂದು ಇಕ್ಕಳ ತೆಗೆದುಕೊಂಡು ಅವರು ಜೀಪು ಹತ್ತಿದರು. ಪುಟ್ಟಾಚಾರ್ ಅವರ ಭುಜ ಹಿಡಿದು ಹಿಂದೆಯೇ ಹತ್ತಿದರು. ನಾಲ್ಕು ಜನರ ಎದುರು ಅವರು ಹಾಗೆ ಹೆಂಡತಿಯ ಭುಜ ಹಿಡಿದದ್ದು ಅದೇ ಮೊದಲಂತೆ. ನನ್ನನ್ನು ಯಾರೂ ಕರೆಯಲಿಲ್ಲ, ಬೇಡ ಎನ್ನಲೂ ಇಲ್ಲ. ಹಿಂದೆ ಕೂತೆ.

ತೋಟ ತಲುಪಲು ಹತ್ತು ನಿಮಿಷ ಹಿಡಿಯಿತು. ಗೇಟಿನ ಹತ್ತಿರ ಇಳಿದಾಗ ಎಲ್ಲ ಕಡೆಯಿಂದಲೂ ಕಡಿಯುವ ಸದ್ದು ಕೇಳುತ್ತಿತ್ತು. ಮಲ್ಲೇಶಪ್ಪ ಕೂಗುತ್ತ ಸಾಲಿನಿಂದ ಸಾಲಿಗೆ ಓಡಿದರು. ಒಬ್ಬೊಬ್ಬರೇ ಇಳಿದರು. ಮೊದಲು ಇಳಿದವನು, ಈಗಷ್ಟೇ ಹತ್ತಿದ್ದೆ, ಏನು ಮೇಸ್ತ್ರಿಗೆ ತಲೆ ಕೆಟ್ಟಿದೆಯಾ ಎಂದು ಗೊಣಗಿದ. ಹತ್ತು ಕೊಡಲಿ ನೆಲದ ಮೇಲೆ ಬಂದವು. ಹನ್ನೊಂದನೆಯದು ದುಗ್ಗಪ್ಪ ಎಂಬವನ ಬಳಿ ಇತ್ತು. ಅವನು ತೋಟದ ಕೆಳತುದಿಯಲ್ಲಿ, ಹಳ್ಳದ ಮೇಲಿನ ದೊಡ್ಡ ಸಿಲ್ವರ್ ಓಕ್ ಮರದಲ್ಲಿದ್ದ.

ಎಲ್ಲರೂ ಆ ಕಡೆ ಇಳಿದೆವು. ಹಳ್ಳದ ಆಚೆಯ ಏರಿಯ ಮೇಲೆ ಪಂಪ್‌ಸೆಟ್ ಓಡುತ್ತಿತ್ತು. ಅದರ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ದುಗ್ಗಪ್ಪ ಅರವತ್ತು ಅಡಿ ಮೇಲೆ, ನಮಗೆ ಬೆನ್ನು ಹಾಕಿ, ಮುಖಕ್ಕೆ ನೇರವಾಗಿ ಚಾಚಿದ್ದ ಒಂದು ಕೊಂಬೆಯನ್ನು ಕಡಿಯುತ್ತಿದ್ದ. ಕೊಡಲಿ ಪ್ರತಿ ಸಲವೂ ಅವನ ಕಿವಿಯ ಪಕ್ಕದಿಂದಲೇ ಹೋಗುತ್ತಿತ್ತು. ಕೆಳಗೆ ಅವನ ಹೆಂಡತಿ ಸುಬ್ಬಿ ಬಿದ್ದ ಸೊಪ್ಪನ್ನು ರಾಶಿ ಹಾಕುತ್ತಿದ್ದಳು. ಮಲ್ಲೇಶಪ್ಪ ಕೂಗಿದರು, ಟವೆಲ್ ಬೀಸಿದರು. ಪಂಪ್ ನಿಲ್ಲಿಸಲು ಒಬ್ಬನನ್ನು ಓಡಿಸಿದರು, ಆದರೆ ಅದು ಹಳ್ಳದ ಆಚೆ ಇತ್ತು, ಸುತ್ತಿ ಹೋಗಬೇಕು. ಮರಗಸಿಯವರಲ್ಲಿ ಒಂದು ಪದ್ಧತಿಯಿದೆ. ಕೆಳಗಿನವರು ಬುಡಕ್ಕೆ ಕಲ್ಲಿನಿಂದ ಬಡಿದರೆ ಮೇಲಿನವನ ಕಾಲಿಗೆ ಅದು ತಿಳಿಯುತ್ತದೆ, ಅವನು ಕೆಳಗೆ ನೋಡುತ್ತಾನೆ. ಮಲ್ಲೇಶಪ್ಪ ಕಲ್ಲು ತೆಗೆದುಕೊಂಡು ಏಳೆಂಟು ಸಲ ಬಡಿದರು. ಮೇಲೆ ಅವನ ಪೆಟ್ಟಿನ ಅದುರಿನಲ್ಲಿ ಇವರ ಪೆಟ್ಟು ಕಲಸಿಹೋಗುತ್ತಿತ್ತು. ದುಗ್ಗಪ್ಪ ಕಡಿಯುತ್ತಲೇ ಇದ್ದ.

ಸೀತಕ್ಕ ಅವರನ್ನು ಪಕ್ಕಕ್ಕೆ ಸರಿಸಿ ಮರದ ಬುಡದಲ್ಲಿ ನಿಂತರು. ಕೂಡಲೇ ಹೊಡೆಯಲಿಲ್ಲ. ಕತ್ತು ಮೇಲೆತ್ತಿ ದುಗ್ಗಪ್ಪನ ಕೈಯನ್ನೇ ನೋಡಿದರು. ಒಂದು ಪೆಟ್ಟು. ಎರಡು ಪೆಟ್ಟು. ಮೂರು. ಅವರ ತುಟಿ ಅಲ್ಲಾಡುತ್ತಿತ್ತು. ಸಮ್ಮಟಿಗೆ ಎತ್ತಿ, ಅವನ ಕೊಡಲಿ ಬಿದ್ದು ಮತ್ತೆ ಮೇಲೇಳುವ ನಡುವಿನ ಹೊತ್ತಿಗೆ ಸರಿಯಾಗಿ ಬುಡಕ್ಕೆ ಒಂದು ಬಿಟ್ಟರು. ಅವನು ಹೊಡೆದ. ನಡುವೆ ಇವರು ಇನ್ನೊಂದು ಬಿಟ್ಟರು. ಮೂವತ್ತು ವರ್ಷ ಸಣ್ಣ ಸುತ್ತಿಗೆಯ ಹಿಂದೆ ಸಮ್ಮಟಿಗೆ ಹೊಡೆದ ಕೈ ಅದು. ಮೂರನೆಯದಕ್ಕೆ ದುಗ್ಗಪ್ಪನ ಕೊಡಲಿ ಗಾಳಿಯಲ್ಲೇ ನಿಂತಿತು. ಅವನು ಕೆಳಗೆ ನೋಡಿದ.

ಇಳಿಯುವಂತೆ ಮಲ್ಲೇಶಪ್ಪ ಸನ್ನೆ ಮಾಡಿದರು. ಅವನು ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಗ್ಗ ಜಾರಿಸುತ್ತ ಇಳಿಯುವುದಕ್ಕೆ ಐದು ನಿಮಿಷ ಬೇಕಾಯಿತು. ಅವನ ಕಾಲು ನೆಲಕ್ಕೆ ತಗಲುವವರೆಗೂ ಸೀತಕ್ಕ ಸಮ್ಮಟಿಗೆ ಕೆಳಗಿಡಲಿಲ್ಲ.

ಪರೀಕ್ಷೆ ನಡೆದದ್ದು ಕಾಫಿ ಒಣಗಿಸುವ ಕಣದಲ್ಲಿ. ಷಡಕ್ಷರಿಯವರು ಮನೆಯಿಂದ ಇಳಿದು ಬಂದಿದ್ದರು. ಐವತ್ತು ದಾಟಿದ, ಹಣೆಗೆ ವಿಭೂತಿ ಹಚ್ಚಿದ, ಕಡಿಮೆ ಮಾತಿನವರು. ಮಲ್ಲೇಶಪ್ಪ ಹೇಳಿದ್ದನ್ನೆಲ್ಲ ಕೇಳಿ ಕುರ್ಚಿ ತರಿಸಿ ಕೂತರು. ಸೀತಕ್ಕ ಕಾವು ಬಿಚ್ಚಿಸಿದ ಕೊಡಲಿಗಳನ್ನು ಒಂದೊಂದಾಗಿ ಚಪ್ಪಡಿ ಕಲ್ಲಿನ ಮೇಲೆ, ಬಾಯಿ ಹೊರಗೆ ಚಾಚಿಕೊಂಡಿರುವಂತೆ ಇಡಿಸಿದರು. ಪುಟ್ಟಾಚಾರ್ ಇಕ್ಕಳದಲ್ಲಿ ಬಿಗಿಯಾಗಿ ಹಿಡಿದರು. ಸರಿಯಾಗಿ ಕಾಸಿದ್ದಾದರೆ ಪೆಟ್ಟಿಗೆ ಬಾಗಬಹುದು, ಮುರಿಯುವುದಿಲ್ಲ. ಎಲ್ಲರೂ ದೂರ ನಿಲ್ಲಿ ಎಂದು ಹೇಳಿ, ಸೀತಕ್ಕ ಸುತ್ತಿಗೆಯಿಂದ ಬಾಯಿಯ ಮಗ್ಗುಲಿಗೆ ಹೊಡೆದರು.

ಮೊದಲನೆಯದು ಉಳಿಯಿತು. ಎರಡನೆಯದೂ ಉಳಿಯಿತು. ಆಳುಗಳಲ್ಲಿ ಯಾರೋ, ಸುಮ್ಮನೆ ಅರ್ಧ ದಿನ ಹಾಳಾಯಿತು ಎಂದರು. ಮೂರನೆಯದು ಟಣ್ ಎಂದು ಮುರಿದು, ಚೂರು ಕಣದ ಆ ತುದಿಯವರೆಗೆ ಸರಿದು ಹೋಯಿತು. ಅದು ಗೊಣಗುತ್ತ ಮೊದಲು ಇಳಿದಿದ್ದವನ ಕೊಡಲಿ. ಅವನು ಹೋಗಿ ಚೂರನ್ನು ಎತ್ತಿ ನೋಡಿ, ತನ್ನ ಕೆನ್ನೆ ಮುಟ್ಟಿಕೊಂಡ. ಹನ್ನೊಂದರಲ್ಲಿ ನಾಲ್ಕು ಮುರಿದವು. ದುಗ್ಗಪ್ಪನದನ್ನು ಕೊನೆಗೆ ಇಟ್ಟರು. ಸೀತಕ್ಕ ಅದಕ್ಕೆ ಎರಡು ಪೆಟ್ಟು ಹಾಕಿದರು. ಅದು ಮುರಿಯಲಿಲ್ಲ.

"ಹಂಗಾರೆ ನಮ್ಮೋರನ್ನ ಸುಮ್ನೆ ಇಳ್ಸಿದ್ರಾ ಸೀತಕ್ಕ?" ಎಂದಳು ಸುಬ್ಬಿ.

"ಹೌದು ಕಣೆ, ಸುಮ್ನೆ," ಎಂದು ಸೀತಕ್ಕ ಅಲ್ಲೇ ಕಣದ ಮೇಲೆ ಕೂತುಬಿಟ್ಟರು.

ಷಡಕ್ಷರಿಯವರು ಎದ್ದು ಬಂದು ಮುರಿದ ತುಂಡುಗಳನ್ನು ನೋಡಿದರು. ಈ ಹೊತ್ತು ನೀವು ಹೇಳಿದ್ದು ದೊಡ್ಡದು ಎಂದರು. ಆದರೆ ಈ ವರ್ಷ ಕೊಡಲಿಯನ್ನು ಶಿವಮೊಗ್ಗದಿಂದ ತರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಮರ ಹತ್ತುವವರಿಗೆ ನಾನು ಉತ್ತರ ಹೇಳಬೇಕು ಎಂದೂ ಹೇಳಿದರು. ಪುಟ್ಟಾಚಾರ್ ತಲೆಯಾಡಿಸಿದರು. ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ.

ಸುದ್ದಿ ಸಂಜೆಯೊಳಗೆ ಬಾಳೆಹೊನ್ನೂರು ಪೇಟೆ ಮುಟ್ಟಿತು. ಆ ಮಳೆಗಾಲದಲ್ಲಿ ಕುಲುಮೆ ಹೆಚ್ಚುಕಡಿಮೆ ಖಾಲಿ ಇತ್ತು. ಕತ್ತಿ, ಹಾರೆ ತರುತ್ತಿದ್ದವರು ಎನ್.ಆರ್.ಪುರದ ಕಡೆ ಹೋದರು. ನಾಟಿ ಕೆಲಸಕ್ಕೆ ಸೀತಕ್ಕ ಕೂಲಿಗೆ ಹೋಗುತ್ತಿದ್ದರು. ನಾನು ಒಂದು ಭಾನುವಾರ ಏಣಿ ತೆಗೆದುಕೊಂಡು ಹೋಗಿ ನಾಲ್ಕೂ ಗಾಜಿನ ಹೆಂಚನ್ನು ಕಿತ್ತೆ. ಹಳೆಯ ಹೆಂಚು ಹಾಕಿ ಮುಚ್ಚುವಷ್ಟರಲ್ಲಿ ಸೀತಕ್ಕ ಕೆಳಗಿನಿಂದ, ಎರಡನ್ನು ಸಾಮಾನು ತೂಗುಹಾಕಿರುವ ಗೋಡೆಯ ಮೇಲೆ ಕೂರಿಸು ತಮ್ಮ, ಅವರಿಗೆ ಇಕ್ಕಳ ಕಾಣಲಿ ಎಂದರು. ಒಲೆಗೂ ಆ ಗೋಡೆಗೂ ನಡುವೆ ಇನ್ನೊಂದು ಗೋಣಿ ಪರದೆ ಕಟ್ಟಿದರು. ಅಷ್ಟು ಸುಲಭದ ಕೆಲಸ ಅದು. ಅವತ್ತೇ ಒಂದು ಮಾತು ಕೇಳಿದ್ದರೆ ಅವತ್ತೇ ಆಗುತ್ತಿತ್ತು. ಫಾರಂನಲ್ಲಿ ಕೇಳಲು ಜಾಗವಿರಲಿಲ್ಲ ಎಂದು ಹೇಳಿಕೊಳ್ಳಬಹುದು, ಆದರೆ ಬಾಯಿ ಇತ್ತಲ್ಲ.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ಮೊದಲು ಬಂದವನು ದುಗ್ಗಪ್ಪ. ಅಂಗಡಿಯ ಕೊಡಲಿ ಭಾರವಾಯಿತು, ಮಧ್ಯಾಹ್ನಕ್ಕೆ ಭುಜ ಬಿದ್ದುಹೋಗುತ್ತದೆ ಎಂದ. ಸೀತಕ್ಕ ಮಾಡಿಕೊಟ್ಟರು. ಕೊಡುವ ಮೊದಲು ಅವನ ಎದುರಿಗೇ ಕಲ್ಲಿನ ಮೇಲಿಟ್ಟು ಮಗ್ಗುಲಿಗೆ ಎರಡು ಪೆಟ್ಟು ಹಾಕಿ ತೋರಿಸಿದರು. ಅವನು ಹೋಗಿ ಉಳಿದವರಿಗೆ ಹೇಳಿದ. ಮೇ ತಿಂಗಳಲ್ಲಿ ಮಲ್ಲೇಶಪ್ಪ ಜೀಪಿನಲ್ಲಿ ಬಂದು, ಗೋಣಿಯ ಹೊರಗೇ ನಿಂತು, ಒಳಗೆ ಬರಬಹುದೋ, ಹದ ನೋಡುತ್ತಾ ಇದ್ದೀರೋ ಎಂದು ಕೇಳಿದರಂತೆ. ಈ ಮಾತನ್ನು ಹೇಳುವಾಗ ಪುಟ್ಟಾಚಾರ್ ಪ್ರತಿ ಸಲವೂ ನಗುತ್ತಾರೆ.

ಅವರು 2006ರಲ್ಲಿ ಕೊನೆಗೂ ಧೈರ್ಯ ಮಾಡಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ಈಗ ಪತ್ರಿಕೆ ಓದುತ್ತಾರೆ. ಅಷ್ಟರಲ್ಲಿ ಸೀತಕ್ಕನ ಕೈಗೆ ಕೊಟ್ಟಿದ್ದ ಇಕ್ಕಳವನ್ನು ಮಾತ್ರ ವಾಪಸ್ ಕೇಳಲಿಲ್ಲ.

ಇದನ್ನು ಬರೆಯುತ್ತಿರುವ 2009ರಲ್ಲಿ ಸೀತಕ್ಕನಿಗೆ ಐವತ್ಮೂರು ವರ್ಷ. ಎನ್.ಆರ್.ಪುರ ರಸ್ತೆಯ ಅದೇ ಕುಲುಮೆಯಲ್ಲಿ ಒಲೆಯ ಹತ್ತಿರದ ಮಣೆಯ ಮೇಲೆ ಅವರು ಕೂರುತ್ತಾರೆ. ಪುಟ್ಟಾಚಾರ್ ಸಮ್ಮಟಿಗೆ ಹೊಡೆಯುತ್ತಾರೆ. ಅವರು ಮರಗಸಿಯ ಕೊಡಲಿ, ಕತ್ತಿ, ಹಾರೆ ಮಾಡುತ್ತಾರೆ. ಭಾನುವಾರ ರಜೆ.